ಮೂಗು ಮೊದಲು, ಮಿದುಳು ಆಮೇಲೆ

ಮೆಲ್ಬರ್ನ್‌ನಲ್ಲಿ ಕನ್ನಡದವರ ಕೂಟವೊಂದರಲ್ಲಿ ಮಾತಾಡಿದ್ದನ್ನು ಬರೆದುಕೊಡಿ ಅಂತ ಕೆಲವರು ಕೇಳಿದ್ದರು. ಇದು ಅದರ ಬರಹ ರೂಪ. ಮಾತಾಡುವಾಗ ದಾರಿ ಬಿಟ್ಟು ಹೋದದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ, ಏಕೆಂದರೆ ಮಾತಿಗಿಂತ ಅವೇ ಚೆನ್ನಾಗಿದ್ದವು.

ಈ ದೇಶದಲ್ಲಿ ಇರುವವರಿಗೆ ಕಾಂಗರೂ ಹೊಸದೇನಲ್ಲ. ಅಮ್ಮನ ಹೊಟ್ಟೆಚೀಲದಿಂದ ತಲೆ ಹೊರಗೆ ಹಾಕಿದ ಮರಿಯ ಫೋಟೋ ನಿಮ್ಮಲ್ಲಿ ಅರ್ಧ ಜನರ ಫೋನಿನಲ್ಲಿ ಇರಬಹುದು. ಆದರೆ ಫೋಟೋದಲ್ಲಿರುವ ಆ ಮರಿ ಆಗಲೇ ಎಷ್ಟೋ ತಿಂಗಳು ದೊಡ್ಡದು. ನಾನು ಹೇಳಹೊರಟಿರುವುದು ಅದು ಹುಟ್ಟಿದ ಮೊದಲ ಕೆಲವು ನಿಮಿಷದ ಬಗ್ಗೆ, ಆ ನಿಮಿಷಗಳಲ್ಲಿ ಅದರ ಮೂಗು ಏನು ಮಾಡುತ್ತದೆ ಅನ್ನುವುದರ ಬಗ್ಗೆ.

1629ರಲ್ಲಿ ಬಟಾವಿಯಾ ಅನ್ನುವ ಡಚ್ ಹಡಗು ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಾಚೆ ಇರುವ ಅಬ್ರೋಲ್ಯೋಸ್ ದ್ವೀಪಗಳ ಹತ್ತಿರ ಒಡೆದುಹೋಯಿತು. ಆ ಹಡಗಿನ ಮುಖ್ಯಸ್ಥ ಪೆಲ್ಸಾರ್ಟ್ ಅಲ್ಲಿ ಒಂದು ವಿಚಿತ್ರ ಪ್ರಾಣಿ ನೋಡಿ ಬರೆದಿಟ್ಟ. ಅದು ಟಾಮರ್ ವಾಲಬಿ, ಕಾಂಗರೂ ಜಾತಿಯದೇ, ಆದರೆ ಚಿಕ್ಕದು. ಅದರ ಚೀಲದೊಳಗೆ ಮೊಲೆತೊಟ್ಟಿಗೆ ಅಂಟಿಕೊಂಡಿದ್ದ ಮರಿ ಎಷ್ಟು ಪುಟ್ಟದಾಗಿತ್ತು ಅಂದರೆ, ಮರಿ ತೊಟ್ಟಿನಿಂದಲೇ ಬೆಳೆಯುತ್ತದೆ ಅಂತ ಅವನು ತೀರ್ಮಾನಿಸಿಬಿಟ್ಟ. ನಗಬೇಡಿ. ಕಣ್ಣಿಗೆ ಕಂಡದ್ದನ್ನು ನಂಬುವುದಾದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಅಷ್ಟು ಸಣ್ಣ ಜೀವ ತಾನೇ ನಡೆದು ಅಲ್ಲಿಗೆ ಬಂದಿದೆ ಅಂದರೆ ಯಾರು ನಂಬುತ್ತಾರೆ?

ಆದರೆ ನಡೆದೇ ಬಂದಿರುತ್ತದೆ. ಇನ್ನು ಮುಂದೆ ನಾನು ಹೇಳುವುದೆಲ್ಲ ಹೆಚ್ಚಾಗಿ ಈ ಟಾಮರ್ ವಾಲಬಿಯದೇ, ಏಕೆಂದರೆ ವಿಜ್ಞಾನಿಗಳು ಇದರಷ್ಟು ಚೆನ್ನಾಗಿ ಅಧ್ಯಯನ ಮಾಡಿರುವ ಚೀಲದ ಪ್ರಾಣಿಗಳು ಕಡಿಮೆ. ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ಇವು ಜಾಸ್ತಿ. ಗರ್ಭದಲ್ಲಿ ಬೆಳೆಯುವುದು 26-27 ದಿನ ಅಷ್ಟೇ. ಹುಟ್ಟುವಾಗ ತೂಕ ಸುಮಾರು 0.4 ಗ್ರಾಂ, ಒಂದು ಕಡಲೆಬೀಜದಷ್ಟೂ ಇಲ್ಲ. ಕಣ್ಣು ಮುಚ್ಚಿದೆ, ಕಿವಿ ಮುಚ್ಚಿದೆ, ಮೈಮೇಲೆ ಕೂದಲಿಲ್ಲ, ಹಿಂಗಾಲು ಎರಡು ಮೊಗ್ಗಿನ ಹಾಗೆ ಇವೆ ಅಷ್ಟೇ. ಮುಂಗಾಲು ಮಾತ್ರ ಗಟ್ಟಿ, ಅದರಲ್ಲಿ ಉಗುರು ಕೂಡ ಇದೆ. ಆ ಮುಂಗಾಲಿನಿಂದ ಅಮ್ಮನ ಹೊಟ್ಟೆಯ ಕೂದಲು ಹಿಡಿದು, ತಲೆಯನ್ನು ಆಕಡೆ ಈಕಡೆ ಆಡಿಸುತ್ತಾ, ಕೈ ಮೇಲೆ ಕೈ ಹಾಕಿ ಹತ್ತುತ್ತದೆ. ಕೆಲವೇ ನಿಮಿಷದಲ್ಲಿ ಚೀಲದ ಬಾಯಿ ತಲುಪಿ, ಒಳಗೆ ಇಳಿದು, ಅಲ್ಲಿರುವ ನಾಲ್ಕು ತೊಟ್ಟುಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಅಮ್ಮ ಎತ್ತಿ ಇಡುವುದಿಲ್ಲ. ಅಮ್ಮ ತನ್ನ ಕೂದಲು ನೆಕ್ಕಿ ಮರಿಗೆ ದಾರಿ ಮಾಡಿಕೊಡುತ್ತಾಳೆ ಅಂತ ಹಿಂದೆ ಜನ ನಂಬಿದ್ದರು. ಹತ್ತಿರದಿಂದ ನೋಡಿದವರಿಗೆ ಗೊತ್ತಾಗಿದ್ದು, ಅವಳು ಹೆರಿಗೆಯ ನೀರನ್ನು ನೆಕ್ಕಿ ತನ್ನನ್ನು ತಾನು ಸ್ವಚ್ಛ ಮಾಡಿಕೊಳ್ಳುತ್ತಿರುತ್ತಾಳೆ, ಅಷ್ಟೇ.

ಹಾಗಾದರೆ ಮರಿಗೆ ದಾರಿ ಹೇಳುವುದು ಯಾರು?

ಮೊದಲ ಅರ್ಧಕ್ಕೆ ಉತ್ತರ ಸುಲಭ. ಮರಿಗೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಗೊತ್ತು. ಕಾಂಗರೂ, ವಾಲಬಿಗಳ ನವಜಾತ ಮರಿ ಭೂಮಿ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಹತ್ತುತ್ತದೆ. ಆದರೆ ಚೀಲದ ಅಂಚಿಗೆ ಬಂದ ಮೇಲೆ ತೊಡಕು ಶುರು. ಈಗ ಕೆಳಗೆ ಇಳಿಯಬೇಕು. ಅಲ್ಲಿಯವರೆಗೆ "ಮೇಲೆ ಹತ್ತು" ಅನ್ನುತ್ತಿದ್ದ ಅದೇ ಅರಿವು ಈಗ "ಒಳಗೆ ಇಳಿ" ಅಂತ ಹೇಳಲು ಆಗುವುದಿಲ್ಲ, ಅಲ್ವಾ? ಅಂಚಿನಲ್ಲಿ ಬೇರೆ ಯಾವುದೋ ಸುಳಿವು ಅಧಿಕಾರ ವಹಿಸಿಕೊಳ್ಳಬೇಕು. ಕಣ್ಣು, ಕಿವಿ ಲೆಕ್ಕಕ್ಕಿಲ್ಲ. ಉಳಿದದ್ದು ಮುಟ್ಟಿ ತಿಳಿಯುವುದು, ಬಿಸಿ ತಣ್ಣಗೆ ತಿಳಿಯುವುದು, ಮೂಸಿ ತಿಳಿಯುವುದು.

ಮೂಸುವುದರ ಮೇಲೆ ಅನುಮಾನ ಬರಲು ಮರಿಯ ಮುಖ ನೋಡಿದರೆ ಸಾಕು. ಇಷ್ಟೆಲ್ಲ ಅಪೂರ್ಣವಾಗಿರುವ ಜೀವಿಗೆ ಮೂಗಿನ ಹೊಳ್ಳೆಗಳು ಮಾತ್ರ ಅಗಲವಾಗಿ ತೆರೆದಿರುತ್ತವೆ. ಆದರೆ ಹೊಳ್ಳೆ ತೆರೆದಿದೆ ಅಂದ ಮಾತ್ರಕ್ಕೆ ವಾಸನೆ ಬರುತ್ತದೆ ಅಂತ ಹೇಳಲಾಗದು. ಉಸಿರಾಡಲಿಕ್ಕೂ ಹೊಳ್ಳೆ ಬೇಕು.

ಇಲ್ಲಿ ಸ್ವಲ್ಪ ಒಳಗೆ ಹೋಗೋಣ. ಮೂಗಿನ ಮೇಲ್ಭಾಗದ ಒಳಪೊರೆಯಲ್ಲಿ ವಾಸನೆ ಹಿಡಿಯುವ ಕೋಶಗಳಿವೆ. ಒಂದೊಂದು ಕೋಶದಿಂದಲೂ ಒಂದು ಸಣ್ಣ ನರತಂತು ಹೊರಟು, ತೂತು ತೂತಾಗಿರುವ ಎಲುಬಿನ ಮೂಲಕ ಮೇಲೆ ಹೋಗಿ, ಮಿದುಳಿನ ಮುಂತುದಿಯಲ್ಲಿರುವ ಉಬ್ಬನ್ನು ಸೇರುತ್ತದೆ. ಅದಕ್ಕೆ ಆಲ್ಫ್ಯಾಕ್ಟರಿ ಬಲ್ಬ್ ಅನ್ನುತ್ತಾರೆ, ನಾನು ಸುಮ್ನೆ ಬಲ್ಬ್ ಅಂತೀನಿ. ಬಲ್ಬ್‌ನಿಂದ ಸುದ್ದಿ ಮಿದುಳಿನ ಇನ್ನೂ ಒಳಗಿನ ಭಾಗಗಳಿಗೆ ಹೋಗುತ್ತದೆ. ಇದು ಮುಖ್ಯ ದಾರಿ. ಇದರ ಜೊತೆ ಇನ್ನೊಂದಿದೆ. ಹೋರಿ ಹಸುವಿನ ಗಂಜಲ ಮೂಸಿ, ತಲೆ ಮೇಲೆತ್ತಿ ಮೇಲ್ದುಟಿ ಮಡಚಿ ನಿಲ್ಲುವುದನ್ನು ಊರಲ್ಲಿ ಬೆಳೆದವರೆಲ್ಲ ನೋಡಿರುತ್ತೀರಿ. ಆಗ ಅದು ಕೆಲಸ ಕೊಡುತ್ತಿರುವುದು ಮೂಗಿನ ತಳದಲ್ಲಿರುವ ವೊಮೆರೊನೇಸಲ್ ಅಂಗ ಅನ್ನುವ ಎರಡನೇ ಮೂಗಿಗೆ. ವಾಲಬಿಗೂ ಅದಿದೆ.

ಈಗ ನನಗೆ ತುಂಬಾ ಹಿಡಿಸಿದ ಸಂಗತಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಸ್ಮಿತ್ 1990ರ ದಶಕದಲ್ಲಿ ಬೇರೆ ಬೇರೆ ಸಸ್ತನಿಗಳ ಭ್ರೂಣಗಳನ್ನು ಪಕ್ಕಪಕ್ಕ ಇಟ್ಟು, ಯಾವ ಭಾಗ ಯಾವುದಕ್ಕಿಂತ ಮುಂಚೆ ಬೆಳೆಯುತ್ತದೆ ಅಂತ ಹೋಲಿಸಿದರು. ನಮ್ಮಂಥ ಪ್ರಾಣಿಗಳಲ್ಲಿ ಮಿದುಳು ಮೊದಲು ದೊಡ್ಡದಾಗಿ, ಮುಖ ಆಮೇಲೆ ಅದರ ಹಿಂದೆ ಬರುತ್ತದೆ. ಚೀಲದ ಪ್ರಾಣಿಗಳಲ್ಲಿ ಇದು ತಿರುಗುಮುರುಗು: ಬಾಯಿ, ನಾಲಿಗೆ, ದವಡೆ, ಮುಖದ ಎಲುಬುಗಳು ಅವಸರದಲ್ಲಿ ತಯಾರಾಗುತ್ತವೆ, ಮಿದುಳಿನ ಮುಂಭಾಗ ಹಿಂದೆ ಉಳಿಯುತ್ತದೆ. ಹುಟ್ಟಿದ ಕೂಡಲೇ ಹಾಲು ಹೀರಬೇಕಲ್ಲ, ಬಾಯಿ ಕಾಯುವ ಹಾಗಿಲ್ಲ. ಸರಿ, ಹಾಗಾದರೆ ಮೂಗು ಯಾವ ಕಡೆ ಸೇರುತ್ತದೆ? ಅದರ ಪೊರೆ, ಕೋಶ, ಹೊಳ್ಳೆ ಎಲ್ಲ ಮುಖದ ಪಾಲು, ಅದಕ್ಕೆ ಅವಸರ ಇದೆ. ಅದು ಕಳಿಸಿದ ಸುದ್ದಿ ಓದಬೇಕಾದ ಬಲ್ಬ್ ಮತ್ತು ಅದರಾಚೆಯ ಭಾಗಗಳು ಮಿದುಳಿನ ಪಾಲು, ಅದಕ್ಕೆ ಅವಸರ ಇಲ್ಲ. ಟಾಮರ್ ಮರಿ ಹುಟ್ಟುವಾಗ ಅದರ ಮಿದುಳಿನ ಹೊರಪದರದಲ್ಲಿ ದೊಡ್ಡ ಪ್ರಾಣಿಗೆ ಇರುವ ಆರು ಪದರಗಳು ಇನ್ನೂ ಆಗಿಯೇ ಇಲ್ಲ. ಅವು ಚೀಲದೊಳಗೆ, ಹಾಲು ಕುಡಿಯುತ್ತಾ ಇರುವಾಗ, ತಿಂಗಳುಗಟ್ಟಲೆ ಕಟ್ಟಿಕೊಳ್ಳುತ್ತವೆ. ಮೂಗು ಸಿದ್ಧ, ಓದುವವನು ಇನ್ನೂ ಬಂದಿಲ್ಲ. ಇಡೀ ಜಗಳ ಇರುವುದು ಇಲ್ಲೇ.

2009ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ನನೆಟ್ ಶ್ನೈಡರ್, ಮೆರಿಲಿನ್ ರೆನ್‌ಫ್ರೀ ಮತ್ತು ಅವರ ಜೊತೆಯವರು ಇದನ್ನು ನೇರವಾಗಿ ಪರೀಕ್ಷಿಸಿದರು. ಇದಕ್ಕೆ ಆಗಷ್ಟೇ ಹುಟ್ಟಿದ ಮರಿ ಬೇಕು. ಕಾಡುಪ್ರಾಣಿ ಯಾವಾಗ ಹೆರುತ್ತದೆ ಅಂತ ಕಾದು ಕೂತರೆ ಕೆಲಸ ಆಗುವುದಿಲ್ಲ. ಟಾಮರ್ ವಾಲಬಿ ಇಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದೆ. ಚೀಲದಲ್ಲಿ ಒಂದು ಮರಿ ಹಾಲು ಕುಡಿಯುತ್ತಿರುವಾಗ ಅಮ್ಮನ ಗರ್ಭಕೋಶದಲ್ಲಿ ಮುಂದಿನ ಭ್ರೂಣ ನೂರೇ ನೂರರಷ್ಟು ಕೋಶಗಳ ಉಂಡೆಯಾಗಿ, ಬೆಳೆಯದೆ, ಸುಮ್ಮನೆ ನಿಂತಿರುತ್ತದೆ. ಹೀಗೆ ಹನ್ನೊಂದು ತಿಂಗಳವರೆಗೂ ನಿಲ್ಲಬಲ್ಲದು. ಚೀಲದ ಮರಿಯನ್ನು ತೆಗೆದರೆ ನಿಂತ ಭ್ರೂಣ ಮತ್ತೆ ಬೆಳೆಯಲು ಶುರು ಮಾಡುತ್ತದೆ, ಅಲ್ಲಿಂದ 26-27 ದಿನಕ್ಕೆ ಹೆರಿಗೆ. ಕಾಡಿನಲ್ಲಿ ಇದೇ ಕೆಲಸವನ್ನು ಹಗಲಿನ ಉದ್ದ ಮಾಡುತ್ತದೆ. ಇಲ್ಲಿನ ಬೇಸಿಗೆಯಲ್ಲಿ, ಡಿಸೆಂಬರ್ ಕೊನೆಯ ಹೊತ್ತಿಗೆ ಹಗಲು ಕಿರಿದಾಗಲು ಹಿಡಿದ ಮೇಲೆ ಭ್ರೂಣ ಎಚ್ಚರಗೊಂಡು, ಜನವರಿ ಕೊನೆಯ ಹೊತ್ತಿಗೆ ದ್ವೀಪದ ತುಂಬ ಮರಿಗಳು. ಈ ವಿಷಯಕ್ಕೇ ಇನ್ನೊಂದು ದಿನ ಮಾತಾಡಬೇಕು.

ಇರಲಿ. ಅವರು ಮೊದಲು ಮರಿಯ ಮೂಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ವಾಸನೆ ಹಿಡಿಯುವ ಕೋಶಗಳಲ್ಲಿ ಇರಬೇಕಾದ ಒಂದು ಬಗೆಯ ಪ್ರೋಟೀನ್ ಹುಟ್ಟುವ ದಿನಕ್ಕೇ ಇತ್ತು. ತಂತುಗಳು ಬಲ್ಬ್ ಮುಟ್ಟಿದ್ದವು. ಬಲ್ಬ್‌ನಲ್ಲಿ ಮೂರು ಪದರ ಆಗಿತ್ತು. ಎರಡನೇ ಮೂಗು ಕೂಡ ಇತ್ತು. ಆಮೇಲೆ ಬಹಳ ಸರಳವಾದ ಪ್ರಯೋಗ. ಎರಡು ಹತ್ತಿ ಕಡ್ಡಿ. ಒಂದಕ್ಕೆ ಅಮ್ಮನ ಚೀಲದೊಳಗಿನ ಜಿಡ್ಡು ಸವರಿದ್ದು, ಇನ್ನೊಂದಕ್ಕೆ ಬರೀ ಉಪ್ಪುನೀರು. ಮರಿಯ ಮುಂದೆ ಎರಡನ್ನೂ ಇಟ್ಟರೆ ಅದು ಯಾವ ಕಡೆ ಹೋಗುತ್ತದೆ? ಚೀಲದ ವಾಸನೆಯ ಕಡೆ ಜಾಸ್ತಿ ಸಲ ಹೋಯಿತು, ಅದೃಷ್ಟಕ್ಕೆ ಆಗಿರಬಹುದು ಅಂತ ತಳ್ಳಿಹಾಕಲಾಗದಷ್ಟು ಜಾಸ್ತಿ.

ಮಿದುಳಿನ ರಚನೆ ಓದುವ ಕೆಲವರಿಗೆ ಇದು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಅವರ ಮಾತೂ ನ್ಯಾಯವೇ. ದೊಡ್ಡ ವಾಲಬಿಯ ಬಲ್ಬ್‌ನಲ್ಲಿ ಕಾಣುವ ಎಲ್ಲ ಪದರಗಳೂ ಮರಿಯಲ್ಲಿಲ್ಲ. ಬಲ್ಬ್‌ನಿಂದ ಆಚೆಗೆ ಹೋಗುವ ದಾರಿಗಳು ಇನ್ನೂ ಎಳಸು. ಕೈಕಾಲು ಆಡಿಸುವ ಭಾಗಕ್ಕೆ ಸುದ್ದಿ ಹೇಗೆ ಮುಟ್ಟಿತು? ಅದಕ್ಕಿಂತ ಮುಖದ ಚರ್ಮದ ನರ ಹೆಚ್ಚು ನಂಬಿಕಸ್ಥ ಅಲ್ಲವೇ ಅಂತ ಅವರ ವಾದ. ಇದಕ್ಕೂ ಪುರಾವೆ ಇದೆ. ದಕ್ಷಿಣ ಅಮೆರಿಕದಲ್ಲಿ ಗಿಡ್ಡಬಾಲದ ಒಪೋಸಮ್ ಅನ್ನುವ ಇಲಿಯಷ್ಟು ಗಾತ್ರದ ಪ್ರಾಣಿ ಇದೆ, ಅದಕ್ಕೆ ಚೀಲವೇ ಇಲ್ಲ, ಮರಿ ಹದಿನಾಲ್ಕೇ ದಿನಕ್ಕೆ ಹುಟ್ಟಿ ಅಮ್ಮನ ಹೊಟ್ಟೆಯ ತೊಟ್ಟಿಗೆ ನೇತುಬೀಳುತ್ತದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ನವಜಾತ ಮರಿಯ ಮೂತಿಯ ಚರ್ಮ ಒತ್ತಿ ನೋಡಿದರು, ತಣ್ಣಗೆ ಮಾಡಿ ನೋಡಿದರು. ಮುಂಗಾಲು ಅಲುಗಿತು. ಅಂದರೆ ಮೂತಿಯ ಚರ್ಮದಿಂದ ಮುಂಗಾಲಿಗೆ ಹುಟ್ಟುವ ದಿನಕ್ಕೇ ದಾರಿ ತೆರೆದಿದೆ.

ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರೂ ಸರಿ ಇರಲು ಅಡ್ಡಿ ಏನಿಲ್ಲ. ಹತ್ತಲು ಒಂದು ಸುಳಿವು, ಅಂಚಿನಲ್ಲಿ ಇನ್ನೊಂದು, ತೊಟ್ಟಿನ ಹತ್ತಿರ ಮತ್ತೊಂದು. ಪ್ರಾಣಿಗಳು ಒಂದೇ ಇಂದ್ರಿಯದ ಮೇಲೆ ಜೀವ ಪಣ ಇಡುವುದು ಕಡಿಮೆ. ಅದಲ್ಲದೆ ಚೀಲದ ವಾಸನೆಯ ಕಡೆಗೆ ತಿರುಗಲು ದೊಡ್ಡ ಮಿದುಳು ಬೇಕಾಗಿಲ್ಲ. ಗುಲಾಬಿಗೂ ಮಲ್ಲಿಗೆಗೂ ವ್ಯತ್ಯಾಸ ಹೇಳಲು ಬೇಕು, "ಈ ಕಡೆ ಜಾಸ್ತಿ, ಆ ಕಡೆ ಕಮ್ಮಿ" ಅನ್ನಲು ಒರಟಾದ ಸಂಪರ್ಕ ಸಾಕು.

ಇನ್ನೊಂದು ಮಾತು, ಇದನ್ನು ಸುದ್ದಿಗಳಲ್ಲಿ ತಪ್ಪಾಗಿ ಬರೆಯುತ್ತಾರೆ. ಆ ಪ್ರಯೋಗ ನೋಡಿ "ಮರಿ ಅಮ್ಮನ ವಾಸನೆ ಗುರುತಿಸುತ್ತದೆ" ಅಂತ ಹೇಳಿಬಿಡುವುದು ಸುಲಭ. ಕೇಳಲಿಕ್ಕೂ ಚೆನ್ನಾಗಿದೆ. ಆದರೆ ಮರಿಗೆ ಕೊಟ್ಟ ಆಯ್ಕೆ ಅಮ್ಮನ ಚೀಲ ಅಥವಾ ಉಪ್ಪುನೀರು. ಅಮ್ಮನ ಚೀಲ ಅಥವಾ ಪಕ್ಕದ ಮನೆಯ ವಾಲಬಿಯ ಚೀಲ ಅಂತ ಅಲ್ಲ. ಅದು ಚೀಲವನ್ನು ಮೂಸಿ ಹಿಡಿಯಿತು. ಅಮ್ಮನನ್ನು ಅಂತ ಹೇಳಲು ಈ ಪ್ರಯೋಗ ಸಾಲದು. ಇದಕ್ಕೆ ಮತ್ತೆ ಬರುತ್ತೇನೆ.

ಬೇರೆ ಪ್ರಾಣಿಗಳ ಮರಿಗಳಲ್ಲಿ ಈ ವಿಷಯ ಇನ್ನೂ ಮುಂದೆ ಹೋಗಿದೆ. ಮೊಲದ ಹಾಲಿನಲ್ಲಿ ಇರುವ ಒಂದೇ ಒಂದು ಅಣು ಮರಿಗಳನ್ನು ತೊಟ್ಟು ಹುಡುಕುವಂತೆ ಮಾಡುತ್ತದೆ ಅಂತ 2003ರಲ್ಲಿ ಫ್ರಾನ್ಸಿನವರು ತೋರಿಸಿದರು. ಇಲಿಯ ತೊಟ್ಟು ತೊಳೆದುಬಿಟ್ಟರೆ ಮರಿ ಬಾಯಿ ಹಾಕುವುದಿಲ್ಲ. ನಮ್ಮ ಕೂಸುಗಳೂ ಕಮ್ಮಿ ಇಲ್ಲ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಗತಾನೇ ಹುಟ್ಟಿದ 30 ಕೂಸುಗಳನ್ನು ಅಮ್ಮನ ಎದೆಯ ನಡುವೆ ಮಲಗಿಸಿ, ಒಂದು ಕಡೆಯ ಮೊಲೆಯನ್ನು ಮಾತ್ರ ತೊಳೆದಿದ್ದರು. 22 ಕೂಸುಗಳು ತೊಳೆಯದ ಕಡೆ ಹೋದವು.

ಈಗ ಮರಿ ತೊಟ್ಟು ಹಿಡಿದಿದೆ ಅಂತ ಇಟ್ಟುಕೊಳ್ಳಿ. ತೊಟ್ಟಿನ ತುದಿ ಅದರ ಬಾಯೊಳಗೆ ಊದಿಕೊಳ್ಳುತ್ತದೆ, ಎಳೆದರೂ ಬರುವುದಿಲ್ಲ. ಟಾಮರ್ ಮರಿ ಹೀಗೆ ಸುಮಾರು ನೂರು ದಿನ ಬಿಡದೆ ಕಚ್ಚಿಕೊಂಡಿರುತ್ತದೆ. ಬಾಯಿ ತುಂಬಿರುವಾಗ ಉಸಿರು? ಉಸಿರಿನ ಕೊಳವೆಯ ಮೇಲ್ತುದಿ ಮೇಲಕ್ಕೆ ಹೋಗಿ ಮೂಗಿನ ಹಿಂಭಾಗಕ್ಕೆ ಕೂಡಿಕೊಂಡಿರುತ್ತದೆ, ಹಾಲು ಅದರ ಎರಡೂ ಪಕ್ಕದಿಂದ ಇಳಿಯುತ್ತದೆ. ಕುಡಿಯುತ್ತಲೇ ಉಸಿರಾಡಬಹುದು. ಇದರಿಂದ ಏನಾಗುತ್ತದೆ ಅಂದರೆ, ಆ ನೂರು ದಿನ ಒಳಗೆ ಹೋಗುವ ಪ್ರತಿ ಉಸಿರೂ ಮೂಗಿನಿಂದಲೇ, ಪ್ರತಿ ಉಸಿರಿನಲ್ಲೂ ಚೀಲದ ಅದೇ ಬೆಚ್ಚಗಿನ, ತೇವದ ಗಾಳಿ. ಬಲ್ಬ್ ತನ್ನ ಪದರಗಳನ್ನು ಕಟ್ಟಿಕೊಳ್ಳುವುದು ಈ ಗಾಳಿಯ ನಡುವೆ. ಕಣ್ಣು ತೆರೆಯುವುದು ಸುಮಾರು 140ನೇ ದಿನ. ಅಂದರೆ ಬೆಳಕು ಕಾಣುವ ಹೊತ್ತಿಗೆ ಮೂಗಿಗೆ ನಾಲ್ಕೂವರೆ ತಿಂಗಳ ಅನುಭವ ಆಗಿರುತ್ತದೆ. ಆಮೇಲೆ ಅದು ತಲೆ ಹೊರಗೆ ಹಾಕಿ, ಅಮ್ಮ ಮೇಯಲು ಬಗ್ಗಿದಾಗ ತಾನೂ ಹುಲ್ಲು ಮೂಸಿ ಎಸಳು ಕಚ್ಚುತ್ತದೆ. ಚೀಲ ಪೂರ್ತಿ ಬಿಡುವುದು ಸುಮಾರು 250 ದಿನಕ್ಕೆ.

ಎಲ್ಲ ಚೀಲದ ಪ್ರಾಣಿಗಳದೂ ಇದೇ ಕಥೆ ಅಂದುಕೊಳ್ಳಬೇಡಿ. ಟ್ಯಾಸ್ಮೇನಿಯನ್ ಡೆವಿಲ್ ಒಂದೇ ಸಲಕ್ಕೆ 20ಕ್ಕಿಂತ ಹೆಚ್ಚು ಮರಿ ಹಾಕುತ್ತದೆ, ತೊಟ್ಟು ನಾಲ್ಕೇ. ಅಲ್ಲಿ ದಾರಿ ಹುಡುಕುವುದು ತಡವಾದರೆ ಜೀವ ಹೋಗುತ್ತದೆ. ಜೂಲಿಯಾ ಕ್ರೀಕ್ ಡನಾರ್ಟ್ ಅನ್ನುವ ಇಲಿಯಂಥ ಪ್ರಾಣಿಯ ನವಜಾತ ಮರಿ ಮೊದಮೊದಲು ಹೆಚ್ಚಾಗಿ ಚರ್ಮದ ಮೂಲಕವೇ ಆಮ್ಲಜನಕ ತೆಗೆದುಕೊಳ್ಳುತ್ತದೆ ಅಂತ 1999ರಲ್ಲಿ ಗೊತ್ತಾಯಿತು. ಮೂಗಿನಲ್ಲಿ ಗಾಳಿಯೇ ಸರಿಯಾಗಿ ಆಡದಿದ್ದರೆ ಮೂಸುವುದು ಹೇಗೆ? ವಾಲಬಿಯಲ್ಲಿ ಕಂಡದ್ದನ್ನು ಹಾಗೇ ಎತ್ತಿ ಇದಕ್ಕೆ ಅಂಟಿಸಬಾರದು.

ಮಾತಿನ ನಡುವೆ ವೈದ್ಯರೊಬ್ಬರು ಎದ್ದು, ಮನುಷ್ಯರಲ್ಲಿ ಕಾಲ್‌ಮನ್ ಸಿಂಡ್ರೋಮ್ ಇರುವವರಿಗೆ ವಾಸನೆಯೂ ಬರುವುದಿಲ್ಲ, ಪ್ರಾಯವೂ ಬರುವುದಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಕೇಳಿದರು. ಇದೆ. ಪ್ರಾಯ ತರುವ ಹಾರ್ಮೋನಿನ ಸರಪಣಿ ಶುರು ಮಾಡುವ ನರಕೋಶಗಳು ಹುಟ್ಟುವುದು ಭ್ರೂಣದ ಮೂಗಿನ ಜಾಗದಲ್ಲಿ. ಮೂಗಿನ ನರತಂತುಗಳನ್ನೇ ಹಿಡಿದು ಅವು ಮಿದುಳಿಗೆ ವಲಸೆ ಹೋಗುತ್ತವೆ. ತಂತುಗಳು ಹಾದಿಯಲ್ಲೇ ನಿಂತರೆ ಇವೂ ನಿಲ್ಲುತ್ತವೆ. ಈ ವಲಸೆಯನ್ನು ಆ ಗಿಡ್ಡಬಾಲದ ಒಪೋಸಮ್‌ನಲ್ಲೂ ನೋಡಿದ್ದಾರೆ.

ಇನ್ನೊಬ್ಬರು, ಇವುಗಳ ಮೂಗು ನಮ್ಮದಕ್ಕಿಂತ ಚುರುಕಾ ಅಂದರು. ವಾಸನೆ ಹಿಡಿಯುವ ಜೀನ್‌ಗಳನ್ನು 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಕಂಡುಹಿಡಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಕೆಲಸ ಮಾಡುವ ಅಂಥ ಜೀನ್‌ಗಳು ನಮ್ಮಲ್ಲಿ ಸುಮಾರು 400, ಒಪೋಸಮ್‌ನಲ್ಲಿ ಸುಮಾರು 1,200. ಜೀನ್ ಎಷ್ಟಿವೆ ಅನ್ನುವುದರಿಂದಲೇ ಚುರುಕುತನ ಅಳೆಯಲಾಗದು, ಆದರೂ ಮೂರು ಪಟ್ಟು ಅಂದರೆ ಸುಮ್ಮನೆ ಅಲ್ಲ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಕೇಳಿದ್ದು: "ಮರಿ ಅಮ್ಮನನ್ನ ಗುರುತಿಸೋದು ಹಾಗಿರ್ಲಿ, ಅಮ್ಮನಿಗೆ ತನ್ನ ಮರಿ ಗೊತ್ತಾಗುತ್ತಾ?"

ಗೊತ್ತಾಗುತ್ತದೆ ಅಮ್ಮ, ಆದರೆ ತಡವಾಗಿ. ಚೀಲ ಬಿಟ್ಟು ಓಡಾಡುವ ಮರಿ ಹಾಲಿಗೆ ಬಂದಾಗ ಅಮ್ಮ ಮೂಸಿ ನೋಡುತ್ತಾಳೆ, ಬೇರೆಯವರ ಮರಿಯಾದರೆ ಸಾಮಾನ್ಯವಾಗಿ ಹತ್ತಿರ ಸೇರಿಸುವುದಿಲ್ಲ. ಚೀಲದೊಳಗೆ ತೊಟ್ಟು ಕಚ್ಚಿಕೊಂಡಿರುವ ಮರಿಯ ವಿಷಯದಲ್ಲಿ ಹೀಗಿಲ್ಲ. 1966ರಲ್ಲೇ ಮರ್ಚೆಂಟ್ ಮತ್ತು ಶಾರ್ಮನ್ ಅನ್ನುವ ಇಬ್ಬರು ಒಂದು ತಾಯಿಯ ಚೀಲದ ಮರಿಯನ್ನು ಇನ್ನೊಂದರ ಚೀಲಕ್ಕೆ, ಬೇರೆ ಜಾತಿಯ ತಾಯಿಯ ಚೀಲಕ್ಕೂ ಹಾಕಿ ಬೆಳೆಸಿ ತೋರಿಸಿದ್ದರು. ಮರಿ ಆ ತೊಟ್ಟನ್ನು ಹಿಡಿಯಿತು, ತಾಯಿ ಒಪ್ಪಿಕೊಂಡಳು. ಅದಕ್ಕೇ ನಾನು ಆಗಲೇ ಹೇಳಿದ್ದು, ಹುಟ್ಟಿದ ಮರಿಗೆ ಗೊತ್ತಿರುವುದು ಚೀಲ, ಇಂಥವಳ ಚೀಲ ಅಂತಲ್ಲ.

ಇದನ್ನು ಇಲ್ಲಿನವರು ಈಗ ಕೆಲಸಕ್ಕೆ ಹಚ್ಚಿದ್ದಾರೆ. ವಿಕ್ಟೋರಿಯಾದಲ್ಲಿ ಬ್ರಷ್‌ಟೇಲ್ಡ್ ರಾಕ್ ವಾಲಬಿ ಅಳಿವಿನ ಅಂಚಿಗೆ ಬಂದಿತ್ತು. ಅವುಗಳ ಪುಟ್ಟ ಮರಿಗಳನ್ನು ತೆಗೆದು ಟಾಮರ್ ಮತ್ತು ಹಳದಿ ಪಾದದ ರಾಕ್ ವಾಲಬಿಗಳ ಚೀಲದಲ್ಲಿ ಇಟ್ಟರು. ಹೆತ್ತ ತಾಯಿಯ ಚೀಲ ಖಾಲಿಯಾದ ಕೂಡಲೇ ನಿಂತಿದ್ದ ಭ್ರೂಣ ಬೆಳೆಯಲು ಹಿಡಿಯುತ್ತದೆ. ಹೀಗೆ ವರ್ಷಕ್ಕೆ ಒಂದರ ಬದಲು ಹಲವು ಮರಿಗಳು. 2014ರಲ್ಲಿ ಅಡಿಲೇಡ್ ಮೃಗಾಲಯದಲ್ಲಿ ಮರದ ಕೊಂಬೆ ಬಿದ್ದು ಒಂದು ಮರಗಾಂಗರೂ ಸತ್ತುಹೋಯಿತು, ಅದರ ಚೀಲದಲ್ಲಿ ಪುಟ್ಟ ಮರಿ ಇತ್ತು. ಮರದ ಮೇಲೆ ಬದುಕುವ ಆ ಮರಿಯನ್ನು ಬಂಡೆಗಳ ಮೇಲೆ ಕುಪ್ಪಳಿಸುವ ಹಳದಿ ಪಾದದ ರಾಕ್ ವಾಲಬಿಯ ಚೀಲಕ್ಕೆ ಹಾಕಿದರು. ಅದು ಮೂರೂವರೆ ತಿಂಗಳಷ್ಟು ಅಲ್ಲೇ ಬೆಳೆಯಿತು. ಅದಕ್ಕೆ ಮಕಾಯಾ ಅಂತ ಹೆಸರಿಟ್ಟು, ಆಮೇಲೆ ಮೃಗಾಲಯದ ಸಿಬ್ಬಂದಿಯೊಬ್ಬರು ಕೈಯಾರೆ ಸಾಕಿದರು.

"ಅಂದ್ರೆ ಸಾಕುತಾಯಿಗೆ ವಾಸನೆಯೇ ಬರಲಿಲ್ವಾ?" ಅಂದರು ಅಜ್ಜಿ. ಬಂದಿರುತ್ತದೆ. ಆದರೆ ತೊಟ್ಟು ಕಚ್ಚಿಕೊಂಡು ತನ್ನ ಚೀಲದಲ್ಲೇ ಇರುವ ಮರಿಯ ಮೈಗೆ ಹತ್ತುವುದು ತನ್ನ ಚೀಲದ್ದೇ ವಾಸನೆ. ಅವಳು ಯಾಕೆ ಅನುಮಾನ ಪಡುತ್ತಾಳೆ?